ಹದಿನಾರು ತುಂಡು

ಥ್ಯಾಂಕ್ಸ್‌ಗಿವಿಂಗ್ ಹಿಂದಿನ ದಿನ, ಬುಧವಾರ ಬೆಳಗಿನ ಜಾವ ಐದಕ್ಕೆ ನಾವು ವರ್ಜೀನಿಯಾದ ಫೇರ್‌ಫ್ಯಾಕ್ಸ್ ಬಿಟ್ಟೆವು. ಅಟ್ಲಾಂಟಾದ ಉತ್ತರಕ್ಕಿರುವ ಆಲ್ಫರೆಟ್ಟಾದಲ್ಲಿ ಚಿಕ್ಕಮ್ಮನ ಮನೆ. ಪೀಟರ್ಸ್‌ಬರ್ಗಿನವರೆಗೆ ಹೆದ್ದಾರಿ 95, ಅಲ್ಲಿಂದ ಎರಡೂ ಕ್ಯಾರೊಲೈನಾ ಹಾಯ್ದು ಹೋಗುವ 85. 600 ಮೈಲಿಗೂ ಮೇಲಿನ ದಾರಿ. ಕಾರಿನಲ್ಲಿ ನಾಲ್ಕು ಜನ: ಅಣ್ಣ, ತಂಗಿ, ಹಾಸನದಿಂದ ಬಂದಿದ್ದ ಅವರ ಅಮ್ಮ, ಮತ್ತು ಸ್ಟಿಯರಿಂಗ್ ಹಿಡಿದಿದ್ದ ನಾನು, ತಂಗಿಯ ಗಂಡ. ಅಮ್ಮನ ತೊಡೆಯ ಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿದ ಒಂದು ಬ್ರೆಡ್ಡು. ಹಿಂದಿನ ರಾತ್ರಿ ಓವನ್ನಿನಿಂದ ಇಳಿದದ್ದು. ರಿಚ್ಮಂಡ್ ದಾಟುವಾಗ ಕಾರಿನ ತುಂಬ ಅದರದೇ ವಾಸನೆ.

ಅಣ್ಣ ತಂಗಿ ಇಬ್ಬರೂ ತೂಕ ಇಳಿಸಿದವರೇ. ಅಣ್ಣ ಅಕ್ಕಿ, ಗೋಧಿ ಎರಡನ್ನೂ ಬಿಟ್ಟು ಐದು ತಿಂಗಳಲ್ಲಿ 9 ಕೆ.ಜಿ. ಇಳಿಸಿದ, ಮುಂದಿನ ವರ್ಷದಲ್ಲಿ 4 ಕೆ.ಜಿ. ಮರಳಿ ಬಂತು. ತಂಗಿ ಹದಿನಾಲ್ಕು ತಿಂಗಳಲ್ಲಿ 8 ಕೆ.ಜಿ. ಇಳಿಸಿದಳು. ಆ ಹದಿನಾಲ್ಕು ತಿಂಗಳೂ ಪ್ರತಿ ಶನಿವಾರ ಮನೆಯಲ್ಲಿ ಇಡಿ ಗೋಧಿಯ ಬ್ರೆಡ್ ಬೇಯಿಸಿದಳು. ಮಾತು ಹತ್ತಿಕೊಂಡದ್ದು ಅಲ್ಲಿಂದಲೇ.

ಅಣ್ಣ: ಈ ವಾಸನೆಯೇ ನನ್ನ ಮೊದಲನೇ ತಕರಾರು ಕಣೇ. ತೂಕ ಇಳಿಸೋ ಮನೇಲಿ ಇಂಥ ವಾಸನೆ ಏಳಬಾರದು.

ತಂಗಿ: ಮತ್ತೇನು, ಆಸ್ಪತ್ರೆ ವಾಸನೆ ಬರಬೇಕಾ?

ಅಣ್ಣ: ಬಿಸಿ ಬ್ರೆಡ್ಡು ಯಾರನ್ನೂ ಒಂದೇ ತುಂಡಿಗೆ ಬಿಡಲ್ಲ. ಅಂಗಡಿ ಬ್ರೆಡ್ಡಾದ್ರೆ ಎರಡು ತಿಂದು ಸಾಕು ಅನ್ಸುತ್ತೆ. ಇದು ನಾಲ್ಕಾಗುತ್ತೆ.

ತಂಗಿ: ಅದಕ್ಕೇ ರಾತ್ರಿ ಬೇಯಿಸೋದು. ಇಡಿ ಗೋಧಿ ಬ್ರೆಡ್ಡನ್ನ ಬಿಸೀಲಿ ಕುಯ್ದರೆ ಒಳಗೆಲ್ಲ ಅಂಟಂಟು. ಅದು ಆರಬೇಕು. ಬೆಳಿಗ್ಗೆ ತೂಕ ನೋಡಿ 16 ತುಂಡು ಮಾಡ್ತೀನಿ. ಆರು ಹೊರಗೆ, ಹತ್ತು ಫ್ರೀಜರ್‌ಗೆ. ಬೇಕಾದಾಗ ಒಂದೊಂದೇ ತೆಗೆದು ಟೋಸ್ಟ್. ಫ್ರೀಜರ್ ಬಾಗಿಲು ತೆಗೆಯೋಷ್ಟರಲ್ಲಿ ಹಸಿವು ನಿಜವೋ ಚಪಲವೋ ಗೊತ್ತಾಗುತ್ತೆ.

ಅಣ್ಣ: ಸರಿ, ಲೆಕ್ಕ ಹೇಳು. ಒಂದು ತುಂಡಿಗೆ ಎಷ್ಟು?

ತಂಗಿ: ಒಟ್ಟು 500 ಗ್ರಾಂ ಗೋಧಿ. ಎಣ್ಣೆ ಇಲ್ಲ, ಸಕ್ಕರೆ ಇಲ್ಲ. 100 ಗ್ರಾಂಗೆ 340 ಕ್ಯಾಲೊರಿ ಅಂದ್ರೆ ಇಡೀ ಬ್ರೆಡ್ಡಿಗೆ 1700. ಹದಿನಾರರಿಂದ ಭಾಗಿಸು, ತುಂಡಿಗೆ 106.

ಅಣ್ಣ: ಮೈದಾ ಆಗಿದ್ರೆ?

ತಂಗಿ: 100 ಗ್ರಾಂಗೆ 364.

ಅಣ್ಣ: ಹಾಗಾದ್ರೆ ತುಂಡಿಗೆ 114. ವ್ಯತ್ಯಾಸ ಬರೀ 8 ಕ್ಯಾಲೊರಿ! ಇದನ್ನ ಜನ ತೂಕ ಇಳಿಸೋ ಬ್ರೆಡ್ಡು ಅಂತಾರಲ್ಲ, ನನಗೆ ಸಂಕಟ ಆಗೋದು ಅಲ್ಲೇ. ಬಣ್ಣ ಕಂದಾಗಿದ್ರೆ ಕ್ಯಾಲೊರಿ ಇಲ್ಲ ಅಂದ್ಕೊಂಡಿದಾರೆ.

ತಂಗಿ: ಕ್ಯಾಲೊರಿಗೋಸ್ಕರ ನಾನು ಇಡಿ ಹಿಟ್ಟಿಗೆ ಹೋಗಲಿಲ್ಲ. ನಾರು ನೋಡು. 100 ಗ್ರಾಂ ಇಡಿ ಹಿಟ್ಟಿನಲ್ಲಿ ಹತ್ತೂವರೆ ಗ್ರಾಂಗೂ ಮೇಲೆ, ಮೈದಾದಲ್ಲಿ ಮೂರಕ್ಕಿಂತ ಕಮ್ಮಿ. ನನ್ನ ಒಂದು ತುಂಡಿನಲ್ಲಿ 3 ಗ್ರಾಂ ದಾಟುತ್ತೆ, ಮೈದಾ ತುಂಡಿನಲ್ಲಿ ಒಂದೂ ಇಲ್ಲ. ಬೆಳಿಗ್ಗೆ ಎಂಟಕ್ಕೆ ಎರಡು ತುಂಡು ತಿಂದ್ರೆ ಹನ್ನೆರಡೂವರೆವರೆಗೆ ನನಗೆ ಆಫೀಸಿನ ಡ್ರಾಯರ್ ನೆನಪಾಗಲ್ಲ. 2017ರಲ್ಲಿ ಬಾಸ್ಟನ್‌ನ ಟಫ್ಟ್ಸ್ ವಿಶ್ವವಿದ್ಯಾಲಯದವರು 81 ಜನಕ್ಕೆ ಆರು ವಾರ ಊಟ ಕೊಟ್ಟು ನೋಡಿದ್ರು. ಇಡಿ ಧಾನ್ಯ ತಿಂದವರಿಗೆ ದಿನಕ್ಕೆ 92 ಕ್ಯಾಲೊರಿಯಷ್ಟು ಅನುಕೂಲ ಆಯ್ತು. ಒಂದಿಷ್ಟು ಮಲದಲ್ಲೇ ಹೋಯ್ತು, ಒಂದಿಷ್ಟು ಮೈ ಖರ್ಚು ಮಾಡ್ತು.

ಅಣ್ಣ: 92. ನಿನ್ನ ಒಂದು ತುಂಡು 106. ಒಂದು ತುಂಡು ಜಾಸ್ತಿ ತಿಂದ ದಿನ ಬಾಸ್ಟನ್ನಿನವರ ಅನುಕೂಲವೆಲ್ಲ ಮುಗೀತು.

ತಂಗಿ ಸುಮ್ಮನಾದಳು. ಆ ಮಾತು ಸರಿಯಾಗಿತ್ತು. ಮನೆಯಲ್ಲಿ ಇದನ್ನು ನಾವೂ ಅನುಭವದಿಂದಲೇ ಕಲಿತದ್ದು: ಮೊದಲ ಎರಡು ತಿಂಗಳು ಅವಳ ತೂಕ ಒಂದು ಗ್ರಾಂ ಇಳಿಯಲಿಲ್ಲ, ಏಕೆಂದರೆ ಬ್ರೆಡ್ಡು ಚಪಾತಿಯ ಜಾಗಕ್ಕೆ ಬರಲಿಲ್ಲ, ಚಪಾತಿಯ ಜೊತೆಗೆ ಬಂತು.

ಅಮ್ಮ: ಬೆಣ್ಣೆ ಲೆಕ್ಕ ಯಾಕೆ ಯಾರೂ ಹೇಳ್ತಿಲ್ಲ?

ತಂಗಿ: ಒಂದು ದೊಡ್ಡ ಚಮಚ ಬೆಣ್ಣೆ 100 ಕ್ಯಾಲೊರಿ ಅಮ್ಮ. ಒಂದು ತುಂಡಿಗೆ ಬೆಣ್ಣೆ ಸವರಿದ್ರೆ ಎರಡು ತುಂಡು ತಿಂದಂಗೆ. ಅದಕ್ಕೇ ನಾನು ಹುರುಳಿ ಸಾರಿಗೆ ಅದ್ದಿಕೊಂಡು ತಿಂತೀನಿ. ಇಲ್ಲಾಂದ್ರೆ ಹೆಸರುಬೇಳೆ ಕೋಸಂಬರಿ ಮೇಲೆ ಹಾಕ್ಕೋತೀನಿ.

ಅಮ್ಮ: ಬ್ರೆಡ್ಡಿಗೆ ಹುರುಳಿ ಸಾರು! ಸರಿ ಬಿಡು, ಮುದ್ದೆಗೆ ಆಗೋದು ಇದಕ್ಕೂ ಆಗಬೇಕು.

ವರ್ಜೀನಿಯಾ ಮುಗಿದು ಉತ್ತರ ಕ್ಯಾರೊಲೈನಾ ಶುರುವಾಗಿತ್ತು. ರಸ್ತೆಯ ಎರಡೂ ಬದಿ ಪೈನ್ ಮರಗಳು, ಮುಂದೆ ರಜೆಗೆ ಹೊರಟ ಕಾರುಗಳ ಸಾಲು. ಅಣ್ಣ ತನ್ನ ಗಟ್ಟಿ ವಾದವನ್ನು ಇಷ್ಟು ಹೊತ್ತು ಇಟ್ಟುಕೊಂಡಿದ್ದ.

ಅಣ್ಣ: ಕ್ಯಾಲೊರಿ ಬಿಡು. ನನ್ನ ಸಮಸ್ಯೆ ಸಕ್ಕರೆ. ರಕ್ತಪರೀಕ್ಷೆಯಲ್ಲಿ ನನ್ನ ಎಚ್‌ಬಿಎ1ಸಿ 6.3. ಇನ್ನೆರಡು ಗೆರೆ ಏರಿದ್ರೆ ಡಯಾಬಿಟಿಸ್. ರಕ್ತದಲ್ಲಿ ಸಕ್ಕರೆ ಎಷ್ಟು ಬೇಗ ಏರುತ್ತೆ ಅಂತ ಹೇಳೋ ಗ್ಲೈಸೀಮಿಕ್ ಇಂಡೆಕ್ಸ್ ಇದೆಯಲ್ಲ, 2008ರ ಅಂತರರಾಷ್ಟ್ರೀಯ ಪಟ್ಟಿ ತೆಗೆದು ನೋಡು. ಬಿಳಿ ಬ್ರೆಡ್ಡು 75. ಇಡಿ ಗೋಧಿ ಬ್ರೆಡ್ಡು ಎಷ್ಟು ಗೊತ್ತಾ? 74.

ತಂಗಿ: ಗೊತ್ತು.

ಅಣ್ಣ: ಚಪಾತಿ ಎಷ್ಟು ಗೊತ್ತಾ?

ತಂಗಿ: 52.

ಅಣ್ಣ: ಗೊತ್ತಿದ್ದೂ ಚಪಾತಿ ಬಿಟ್ಟು ಬ್ರೆಡ್ಡಿಗೆ ಹೋದೆಯಲ್ಲ! ಅಮ್ಮನ ಕೈಯಲ್ಲೇ ಇದ್ದ ಒಳ್ಳೇದನ್ನ ಬಿಟ್ಟು ಅಮೆರಿಕದ ಒಲೆಗೆ ಮಾರುಹೋದೆ.

ತಂಗಿ: ಹಿಟ್ಟು ಪೌಡರಿನಷ್ಟು ನುಣ್ಣಗಿದ್ದು, ಬ್ರೆಡ್ಡು ಹತ್ತಿಯಂತೆ ಉಬ್ಬಿದ್ರೆ ತೌಡು ಇದ್ದೂ ಇಲ್ಲದಂಗೆ. ಪಿಷ್ಟ ಬೇಗ ಕರಗಿ ಹೋಗುತ್ತೆ, ಅದನ್ನ ನಾನು ಒಪ್ತೀನಿ. ಅದಕ್ಕೇ 500 ಗ್ರಾಂನಲ್ಲಿ 100 ಗ್ರಾಂ ಗೋಧಿ ನುಚ್ಚು ಹಾಕೋದು, ರಾತ್ರಿಯಿಡೀ ನೆನೆಸಿ. ಒಡೆಯದ ಕಾಳು, ನುಚ್ಚು, ಹುಳಿ ಹಿಟ್ಟು ಇದ್ದಷ್ಟೂ ಏರಿಕೆ ನಿಧಾನ. ಜೊತೆಗೆ ಬೇಳೆ, ಕಾಳು ತಿಂದ್ರೆ ಇನ್ನೂ ನಿಧಾನ. ಬರೀ ಬ್ರೆಡ್ಡನ್ನ ಯಾರು ತಿಂತಾರೆ?

ಅಣ್ಣ: ನಿಧಾನ ಅಂತೀಯ. ಎಷ್ಟು ನಿಧಾನ?

ತಂಗಿ: ಅದು ನಿನ್ನ ಬೆರಳಿನ ಹನಿ ರಕ್ತ ಹೇಳಬೇಕು. ನನ್ನ ಮಾತಲ್ಲ. ಆದರೆ ಚಪಾತಿ ವಿಚಾರಕ್ಕೆ ಬಾ. ಸಂಜೆ ಆರೂವರೆಗೆ ಮನೆಗೆ ಬಂದು ನಾಲ್ಕು ಜನಕ್ಕೆ ಹನ್ನೆರಡು ಚಪಾತಿ ಲಟ್ಟಿಸೋದು ಯಾರು? ಹೇಳು.

ಅಣ್ಣ ಉತ್ತರ ಕೊಡಲಿಲ್ಲ. ನಾನೂ ರಸ್ತೆ ನೋಡಿದೆ. ಬ್ರೆಡ್ಡಿಗೆ ಕೈಕೆಲಸ ಇಪ್ಪತ್ತು ನಿಮಿಷ. ಉಳಿದದ್ದನ್ನು ಈಸ್ಟು, ಓವನ್ನು ಮಾಡುತ್ತವೆ. ವಾರವಿಡೀ ಬರುತ್ತದೆ. ತೂಕದ ಮಾತಿನಲ್ಲಿ ಅಡುಗೆಮನೆಯ ದುಡಿಮೆಯನ್ನು ಯಾರೂ ಎಣಿಸುವುದಿಲ್ಲ, ಪಥ್ಯ ಮುರಿದು ಬೀಳುವುದು ಹೆಚ್ಚಾಗಿ ಅಲ್ಲೇ ಎಂದು ನಾನು ಕಂಡಿದ್ದೇನೆ.

ಅಮ್ಮ: ನಿಮ್ಮಜ್ಜಿ ಬೆಳಗಿನ ಜಾವ ನಾಲ್ಕಕ್ಕೆ ಬೀಸುಕಲ್ಲ ಮುಂದೆ ಕೂರೋರು. ರಾಗಿ ಬೀಸಿದ ಮೇಲೇ ಆ ದಿನದ ಮುದ್ದೆ. ಬೀಸೋಳಿಗೆ ಬೊಜ್ಜು ಎಲ್ಲಿಂದ ಬರುತ್ತೆ? ಈಗ ಹಿಟ್ಟು ಚೀಲದಲ್ಲಿ ಬರುತ್ತೆ, ಬೊಜ್ಜು ಅದರ ಹಿಂದೇನೇ ಬರುತ್ತೆ.

ಅಣ್ಣ: ನೋಡು, ಅಮ್ಮನೂ ನನ್ನ ಕಡೆ.

ಅಮ್ಮ: ನಾನು ಯಾರ ಕಡೆಯೂ ಅಲ್ಲ. ರಾಗಿ ಕಡೆ.

ರಾಗಿಯ ಮಾತು ಬಂದರೆ ಕನ್ನಡದವರಿಗೆ ಕನಕದಾಸರ ‘ರಾಮಧಾನ್ಯ ಚರಿತೆ’ ನೆನಪಾಗಲೇಬೇಕು. ಭತ್ತಕ್ಕೂ ರಾಗಿಗೂ ಯಾರು ಮೇಲೆಂಬ ಜಗಳ; ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ, ಭತ್ತ ಬಾಡಿತು, ರಾಗಿ ಹಾಗೇ ಉಳಿಯಿತು. ಧಾನ್ಯಗಳಿಗೂ ವಾದ ಹೂಡಿಸಿದ ಊರಿನವರು ನಾವು. ಒಂದು ಬ್ರೆಡ್ಡಿಗಾಗಿ ಇಷ್ಟು ದೂರ ವಾದ ಮಾಡುವುದರಲ್ಲಿ ಹೊಸದೇನಿಲ್ಲ.

ಗ್ರೀನ್ಸ್‌ಬರೋ ಹತ್ತಿರ ತಂಗಿ ಹೆದ್ದಾರಿ ಬಿಡಲು ಹೇಳಿದಳು. ಓಕ್ ರಿಜ್‌ನಲ್ಲಿ ‘ಓಲ್ಡ್ ಮಿಲ್ ಆಫ್ ಗಿಲ್ಫರ್ಡ್’ ಇದೆ. 1767ರಲ್ಲಿ, ಅಮೆರಿಕ ಎಂಬ ದೇಶವೇ ಇಲ್ಲದಾಗ, ಶುರುವಾದ ಗಿರಣಿ. ಈಗಲೂ ಹಿಟ್ಟು ಮಾರುತ್ತದೆ. ನಮ್ಮ ಮನೆಯ ಹತ್ತಿರವೇ ಗ್ರೇಟ್ ಫಾಲ್ಸ್‌ನಲ್ಲಿ 1811ರ ಸುಮಾರಿಗೆ ಕಟ್ಟಿದ ಕಾಲ್ವಿನ್ ರನ್ ಗಿರಣಿ ಇದೆ. ತಂಗಿ ಮೊದಲ ಸಲ ಕಲ್ಲಿನಲ್ಲಿ ಬೀಸಿದ ಗೋಧಿಹಿಟ್ಟನ್ನು ಮೂಸಿ ನೋಡಿದ್ದು ಅಲ್ಲೇ. ಅಮ್ಮನನ್ನು ಕರೆದುಕೊಂಡು ಹೋದಾಗ ಆಕೆ ಆ ದೊಡ್ಡ ಕಲ್ಲುಗಳನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದರು. ಎರಡು ಕಲ್ಲು, ನಡುವೆ ಕಾಳು. ತಿರುಗಿಸುವುದು ಕೈಯ ಬದಲು ನೀರು, ಅಷ್ಟೇ.

ಓಕ್ ರಿಜ್ಜಿನ ಗಿರಣಿಯ ಹೊರಗೆ ಕಾರಿನ ಬಾನೆಟ್ಟಿನ ಮೇಲೆ ಬಟ್ಟೆ ಹಾಸಿ ತಂಗಿ ಬ್ರೆಡ್ಡು ಕುಯ್ದಳು. ಮೂರು ತುಂಡು. ಅಣ್ಣ ತನ್ನ ಡಬ್ಬಿಯಿಂದ ಬಾದಾಮಿ ಮತ್ತು ಬೇಯಿಸಿದ ಮೊಟ್ಟೆ ತೆಗೆದ.

ತಂಗಿ: ಹೋದ ಯುಗಾದಿಗೆ ‘ಕಾವೇರಿ’ ಕನ್ನಡ ಸಂಘದ ಊಟದಲ್ಲೂ ನೀನು ಹೀಗೇ ಮಾಡ್ದೆ. ಎಲ್ಲರೂ ಒಳಗೆ ಹೋಳಿಗೆ ತಿಂತಿದ್ರು, ನೀನು ಪಾರ್ಕಿಂಗ್ ಲಾಟಲ್ಲಿ ಡಬ್ಬಿ ಬಿಚ್ಚಿದ್ದೆ. ಆ 4 ಕೆ.ಜಿ. ಮರಳಿ ಬಂದದ್ದು ಅಕ್ಕಿಯಿಂದಲ್ಲ ಕಣೋ. ಒಬ್ಬನೇ ತಿಂದು ತಿಂದು ಬೇಸತ್ತೆ, ಆಮೇಲೆ ಒಂದು ದಿನ ಕಟ್ಟೆ ಒಡೀತು.

ಅಣ್ಣ: ಅದು ನಿಜ ಇರಬಹುದು. ಆದರೆ ಹೋಳಿಗೆ ಒಂದು ತಿಂದಿದ್ರೆ ಕಟ್ಟೆ ಅವತ್ತೇ ಒಡೀತಿತ್ತು. ನಿನಗೆ ಒಂದು ತಿಂದು ನಿಲ್ಲಿಸೋದು ಬರುತ್ತೆ. ನನಗೆ ಬರಲ್ಲ. ಪೂರ್ತಿ ಬಿಡೋದು ನನಗೆ ಸುಲಭ, ಅರ್ಧ ಬಿಡೋದು ಕಷ್ಟ. ಎಲ್ಲರ ಸ್ವಭಾವವೂ ನಿನ್ನದರ ಥರ ಅಂತ ಯಾಕೆ ಅಂದ್ಕೋತೀಯ?

ಇದಕ್ಕೆ ತಂಗಿಯ ಬಳಿ ಮಾತಿರಲಿಲ್ಲ. ಅಣ್ಣನ ಮೈ ಬೇರೆ, ಮನಸ್ಸು ಬೇರೆ. ನಮ್ಮ ಕಡೆಯವರಿಗೆ ತೂಕದ ಎಚ್ಚರಿಕೆಯೂ ಬೇಗ ಬೇಕು: ಉಳಿದವರಿಗೆ ಬಿಎಂಐ 25ಕ್ಕೆ ಬಾರಿಸುವ ಗಂಟೆಯನ್ನು ಏಷ್ಯಾದವರಿಗೆ 23ಕ್ಕೇ ಬಾರಿಸಬೇಕೆಂದು ವೈದ್ಯರು ಹೇಳುತ್ತಾರೆ. ಹೊಟ್ಟೆಯ ಸುತ್ತ ಸ್ವಲ್ಪವೇ ಸೇರಿದರೂ ಸಕ್ಕರೆ ಏರುವ ಮೈ ನಮ್ಮದು.

ಗಿರಣಿಯಂಗಡಿಯಲ್ಲಿ ಅಮ್ಮ ಒಂದೊಂದು ಚೀಲವನ್ನೂ ಮುಟ್ಟಿ ನೋಡಿದರು. ಬಿಸ್ಕಿಟ್ ಮಿಕ್ಸ್ ನೋಡಿ ಅಚ್ಚರಿಪಟ್ಟರು.

ಅಮ್ಮ: ಬಿಸ್ಕತ್ತನ್ನ ಮನೇಲಿ ಮಾಡ್ತಾರಾ ಇಲ್ಲಿ?

ತಂಗಿ: ಇಲ್ಲಿ ಬಿಸ್ಕಿಟ್ ಅಂದ್ರೆ ಬೇರೆ ಅಮ್ಮ. ಪದರ ಪದರ ಬಿಡೋ ಮೆತ್ತನೆ ಬನ್ನು. ಈ ದಕ್ಷಿಣದ ಕಡೆ ಬೆಳೆಯೋದು ಮೆದು ಗೋಧಿ, ಜಿಗುಟು ಕಮ್ಮಿ. ಅದಕ್ಕೇ ಇವರ ಬಿಸ್ಕಿಟ್ ಅಷ್ಟು ಹಗುರ. ಬ್ರೆಡ್ಡಿಗೆ ಗಟ್ಟಿ ಗೋಧಿ ಬೇಕು. ಅದರಲ್ಲೂ ಇಲ್ಲಿ ಹೆಚ್ಚು ಸಿಗೋದು ಕೆಂಪು ಗೋಧಿ, ತೌಡು ಸ್ವಲ್ಪ ಕಹಿ. ನಾನು ಮೊದಲು ಮಾಡಿದ ಬ್ರೆಡ್ಡು ಮನೇಲಿ ಯಾರೂ ಮುಟ್ಟಲಿಲ್ಲ. ಆಮೇಲೆ ಬಿಳಿ ಗೋಧಿಯ ಇಡಿ ಹಿಟ್ಟು ಸಿಕ್ತು. ನಮ್ಮೂರ ಗೋಧಿ ಬಣ್ಣ, ನಮ್ಮೂರ ಸಿಹಿ.

ಅಣ್ಣ: ಇಲ್ಲಿನ ಭಾರತೀಯ ಅಂಗಡಿ ಆಟ್ಟಾ ಯಾಕಾಗಲ್ಲ?

ತಂಗಿ: ಚಕ್ಕಿಯಲ್ಲಿ ಬಿಸಿಯಾಗಿ ಬೀಸಿದ ಹಿಟ್ಟು ನೀರು ಜಾಸ್ತಿ ಕುಡಿಯುತ್ತೆ, ಪಿಷ್ಟ ಒಡೆದಿರುತ್ತೆ. ಚಪಾತಿಗೆ ಅದೇ ಮೆದು ಕೊಡೋದು. ಬ್ರೆಡ್ಡು ಮಾತ್ರ ಒಳಗೆ ಹಸಿ ಹಸಿ ಉಳಿಯುತ್ತೆ. ಅರ್ಧಕ್ಕರ್ಧ ಬೆರೆಸಿದ್ರೆ ಆಗುತ್ತೆ.

ಮತ್ತೆ ಹೆದ್ದಾರಿ. ಷಾರ್ಲಟ್ ಸುತ್ತ ಒಂದು ಗಂಟೆ ನಿಂತು ನಿಂತು ಸಾಗಿದೆವು. ಅಣ್ಣ ಇಡಿ ಗೋಧಿಯ ಚರಿತ್ರೆ ತೆಗೆದ.

ಅಣ್ಣ: ಈ ದೇಶದಲ್ಲಿ ಇಡಿ ಗೋಧಿ ಪ್ರಚಾರ ಶುರು ಮಾಡಿದ ಸಿಲ್ವೆಸ್ಟರ್ ಗ್ರಹಾಂ ಪಾದ್ರಿ. ಜರಡಿ ಹಿಡಿದ ಹಿಟ್ಟೇ ಪಾಪ ಅನ್ನೋ ಥರ ಬೋಧನೆ ಮಾಡ್ದ. 1837ರಲ್ಲಿ ಬ್ರೆಡ್ಡಿನ ಬಗ್ಗೇನೇ ಒಂದು ಪುಸ್ತಕ ಬರೆದ. ತೀರಿಕೊಂಡಾಗ ಐವತ್ತೇಳು ವರ್ಷ. ಅವನ ಹೆಸರಿನ ಗ್ರಹಾಂ ಕ್ರ್ಯಾಕರ್ ಇವತ್ತು ಸಕ್ಕರೆ ಹಾಕಿದ ಬಿಸ್ಕತ್ತು. ಅದೇ ಈ ಚಳವಳಿಯ ಕಥೆ. ಒಳ್ಳೇದು ಅಂತ ಶುರುವಾಗುತ್ತೆ, ಸಕ್ಕರೆಯಲ್ಲಿ ಮುಗಿಯುತ್ತೆ. ನೀನೂ ಹೋದ ತಿಂಗಳು ಇಡಿ ಗೋಧಿ ಬನಾನಾ ಬ್ರೆಡ್ ಮಾಡಿ ಕಳಿಸಿದ್ದೆ. ಅದರ ಲೆಕ್ಕ ಹೇಳು ನೋಡೋಣ.

ತಂಗಿ: ಅದು ಹುಟ್ಟುಹಬ್ಬಕ್ಕೆ.

ಅಣ್ಣ: ಲೆಕ್ಕ.

ತಂಗಿ: 240 ಗ್ರಾಂ ಹಿಟ್ಟು, 800ಕ್ಕೆ ಸ್ವಲ್ಪ ಮೇಲೆ. ಒಂದು ಕಪ್ ಸಕ್ಕರೆ 770. ಅರ್ಧ ಕಪ್ ಎಣ್ಣೆ 960. ಬಾಳೆಹಣ್ಣು, ಮೊಟ್ಟೆ ಬೇರೆ.

ಅಣ್ಣ: ಗೋಧಿಗಿಂತ ಎರಡರಷ್ಟು ಬರೀ ಸಕ್ಕರೆ, ಎಣ್ಣೆಯಿಂದ! ಅದಕ್ಕೆ ನೀನು ಇಡಿ ಗೋಧಿ ಅಂತ ಹೆಸರಿಟ್ಟೆ.

ತಂಗಿ: ಆ ಹೆಸರು ತಪ್ಪು. ಅದು ಕೇಕು. ಹಾಗೇ ಕರೀಬೇಕಿತ್ತು. ಮಫಿನ್, ಕುಕ್ಕಿ, ಸ್ಕೋನ್ ಎಲ್ಲಕ್ಕೂ ಇದೇ ಮಾತು. ಹಿಟ್ಟು ಬದಲಾದ ಮಾತ್ರಕ್ಕೆ ಸಿಹಿತಿಂಡಿ ಊಟ ಆಗಲ್ಲ. ಈಗ ನಾನು ಸಕ್ಕರೆ ಮೂರರಲ್ಲಿ ಒಂದು ಪಾಲು ಇಟ್ಟು, ಎಣ್ಣೆಯ ಅರ್ಧಕ್ಕೆ ಮೊಸರು ಹಾಕ್ತೀನಿ. ಆದರೂ ಅದು ಹಬ್ಬದ ತಿಂಡಿಯೇ.

ಅಮ್ಮ: ನಮ್ಮ ಕಾಲದಲ್ಲಿ ಬನ್ನು ತಿಂದ್ರೆ ಹಬ್ಬ. ಅಯ್ಯಂಗಾರ್ ಬೇಕರಿ ದಿಲ್‌ಪಸಂದ್ ಒಂದನ್ನ ಐದು ಜನ ಹಂಚ್ಕೊಳ್ತಿದ್ವಿ. ಅದು ಪೂರ್ತಿ ಮೈದಾ, ಪೂರ್ತಿ ಸಕ್ಕರೆ. ಯಾರೂ ದಪ್ಪ ಆಗಲಿಲ್ಲ. ವರ್ಷಕ್ಕೆ ಎಷ್ಟು ಸಲ ಸಿಗ್ತಿತ್ತು?

ಆ ಬೇಕರಿಗಳ ಮೂಲವೂ ಹಾಸನವೇ. ಅಲ್ಲಿಂದ ಬಂದ ತಿರುಮಲಾಚಾರ್ಯರು 1898ರಲ್ಲಿ ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಬೆಂಗಳೂರು ಬ್ರದರ್ಸ್ ಬೇಕರಿ ತೆರೆದರು. ಇವತ್ತು ಅದೇ ಖಾರಾ ಬನ್ನು, ಹನಿಕೇಕು ಆಲ್ಫರೆಟ್ಟಾದಲ್ಲೂ, ವರ್ಜೀನಿಯಾದ ಹರ್ನ್‌ಡನ್‌ನಲ್ಲೂ ಭಾರತೀಯ ಅಂಗಡಿಯ ಕೌಂಟರಿನ ಪಕ್ಕದಲ್ಲಿ ವಾರದ ಏಳೂ ದಿನ ಸಿಗುತ್ತವೆ. ಅಮ್ಮ ಕೇಳಿದ್ದು ಆ ಏಳು ದಿನಗಳ ಪ್ರಶ್ನೆ.

ತಂಗಿ: ಅಮ್ಮ ಹೇಳಿದ್ದು ಸರಿ. ಎಷ್ಟು ಸುಲಭಕ್ಕೆ ಸಿಗುತ್ತೆ ಅನ್ನೋದೇ ವಿಷಯ. ನಮ್ಮ ಮನೆಯಿಂದ ಅರ್ಧ ಗಂಟೆ ದೂರ ಬೆಥೆಸ್ಡಾ, ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಅನ್ನೋ ವಿಜ್ಞಾನಿ 20 ಜನರನ್ನ ಇರಿಸಿಕೊಂಡು ನೋಡಿದ್ರು. ಎರಡು ವಾರ ಕಾರ್ಖಾನೆ ಊಟ, ಎರಡು ವಾರ ಮನೆ ಅಡುಗೆ ಥರದ್ದು. ಬಡಿಸಿದ ಸಕ್ಕರೆ, ಕೊಬ್ಬು, ನಾರು, ಕ್ಯಾಲೊರಿ ಎರಡರಲ್ಲೂ ಒಂದೇ. ಬೇಕಾದಷ್ಟು ತಿನ್ನಿ ಅಂದ್ರು. ಕಾರ್ಖಾನೆ ಊಟದಲ್ಲಿ ದಿನಕ್ಕೆ 500 ಕ್ಯಾಲೊರಿ ಜಾಸ್ತಿ ತಿಂದ್ರು, ಒಂದು ಕೆ.ಜಿ.ಗೆ ಹತ್ತಿರ ಏರಿದ್ರು. ಇನ್ನೊಂದರಲ್ಲಿ ಅಷ್ಟೇ ಇಳಿದ್ರು. 2019ರಲ್ಲಿ ಪ್ರಕಟ ಆಯ್ತು.

ಅಣ್ಣ: ಓದಿದೀನಿ. 20 ಜನ, ನಾಲ್ಕು ವಾರ. ಆದರೆ ಆ ಅಡುಗೆಮನೆಯಲ್ಲಿ ನಿನ್ನ ಬ್ರೆಡ್ಡು ಇರಲಿಲ್ಲ. ಅಂಗಡಿ ಊಟ ಕೆಟ್ಟದು ಅಂದ್ರೆ ಮನೆ ಬ್ರೆಡ್ಡು ಒಳ್ಳೇದು ಅಂತ ತೀರ್ಮಾನ ಆಗಲ್ಲ.

ತಂಗಿ: ಆಗಲ್ಲ. ಆದರೆ ಅವರು ಇನ್ನೊಂದು ನೋಡಿದ್ರು. ಕಾರ್ಖಾನೆ ಊಟ ಬೇಗ ಬೇಗ ಒಳಗೆ ಹೋಗ್ತಿತ್ತು. ನನ್ನ ಬ್ರೆಡ್ಡನ್ನ ಅಗಿಯಬೇಕು. ನುಚ್ಚು ಹಲ್ಲಿಗೆ ಸಿಗುತ್ತೆ. ಅರ್ಧ ತುಂಡಿಗೇ ದವಡೆ ದಣಿಯುತ್ತೆ.

ಅಮ್ಮ: ಮುದ್ದೆ ಅಗಿಯೋದಲ್ಲ, ನುಂಗೋದು. ನಿಮ್ಮಜ್ಜ ಹೊತ್ತಿಗೆ ಎರಡು ಮುದ್ದೆ ನುಂಗೋರು. ಕಡ್ಡಿ ಥರ ಇದ್ರು.

ಅಣ್ಣ: ಅಜ್ಜ ಬೆಳಿಗ್ಗೆ ಆರಕ್ಕೆ ಹೊಲಕ್ಕೆ ಹೋಗ್ತಿದ್ರು ಅಮ್ಮ. ನಾವು ಆರಕ್ಕೆ ಎದ್ದು ಕಾರಲ್ಲಿ ಕೂರ್ತೀವಿ.

ತಂಗಿ: ಹಾಗಾದ್ರೆ ತಪ್ಪು ಬ್ರೆಡ್ಡಿನದಲ್ಲ, ಕಾರಿನದು ಅನ್ನು.

ಅಣ್ಣ: ಎರಡರದೂ. ಕೂತು ಬದುಕೋನಿಗೆ ಹೊಲದವನ ಊಟ ಬೇಡ ಅಂತ ನಾನು ಹೇಳ್ತಿರೋದು. ಅದು ರಾಗಿಯಾದ್ರೂ ಸರಿ, ಇಡಿ ಗೋಧಿಯಾದ್ರೂ ಸರಿ.

ನನಗೆ ಅನ್ನಿಸಿದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ತಂಗಿಯ ತೂಕವನ್ನು ಬ್ರೆಡ್ಡು ಇಳಿಸಲಿಲ್ಲ. ಬ್ರೆಡ್ಡು ಬಂದ ಮೇಲೆ ಮನೆಯಿಂದ ಹೊರಹೋದದ್ದು ಇಳಿಸಿತು: ಸಂಜೆಯ ಮಿಕ್ಸ್‌ಚರು, ಶನಿವಾರದ ಡೋನಟ್ಟು, ಊಟವಾದ ಮೇಲೂ ಕೈ ಹೋಗುತ್ತಿದ್ದ ಬಿಸ್ಕತ್ತಿನ ಡಬ್ಬಿ. ತಕ್ಕಡಿ ಹಿಡಿದು ಹಿಟ್ಟು ಅಳೆದವಳು ಅನ್ನವನ್ನೂ ಅಳೆಯತೊಡಗಿದಳು. ದಿನಕ್ಕೆ ಎರಡು ತುಂಡು, ಉಳಿದ ತಟ್ಟೆಯಲ್ಲಿ ಪಲ್ಯ, ಕಾಳು, ಮೊಸರು. ಸಂಜೆ ನಲವತ್ತು ನಿಮಿಷ ನಡಿಗೆ. ಅಣ್ಣ ಹೇಳಿದ ಅಂಕಿಗಳಲ್ಲಿ ಒಂದೂ ತಪ್ಪಿಲ್ಲ. ಆದರೆ ಆತನ ಪಥ್ಯದಲ್ಲಿ ಬಿಡುವುದು ಮಾತ್ರ ಇತ್ತು, ಮಾಡುವುದು ಏನೂ ಇರಲಿಲ್ಲ. ಶನಿವಾರ ಕೈಗೆ ಹಿಟ್ಟು ಮೆತ್ತಿಕೊಂಡ ಮನುಷ್ಯನಿಗೆ ತಾನು ಏನೋ ಕಳೆದುಕೊಂಡೆ ಎನ್ನಿಸುವುದಿಲ್ಲ.

ಅಣ್ಣ: ಸರಿ, ಮನೆಯಲ್ಲಿ ಮಾಡೋಕೆ ಆಗದೋರು ಏನು ಮಾಡಬೇಕು? ಅಂಗಡೀಲಿ ಎಲ್ಲ ಪೊಟ್ಟಣವೂ ಕಂದು ಬಣ್ಣ, ಎಲ್ಲದರ ಮೇಲೂ ಗೋಧಿ ತೆನೆ ಚಿತ್ರ.

ತಂಗಿ: ಹೆಸರು ಓದಬೇಕು. ಇಲ್ಲಿನ ಕಾನೂನಿನ ಪ್ರಕಾರ ‘ಹೋಲ್ ವೀಟ್ ಬ್ರೆಡ್’ ಅಂತ ಹೆಸರಿಟ್ಟರೆ ಹಿಟ್ಟೆಲ್ಲ ಇಡಿ ಗೋಧಿಯದೇ ಆಗಿರಬೇಕು. ಬರೀ ‘ವೀಟ್ ಬ್ರೆಡ್’, ‘ಮಲ್ಟಿಗ್ರೇನ್’ ಅಂದ್ರೆ ಆ ಕಟ್ಟುಪಾಡಿಲ್ಲ, ಮೈದಾ ಇರಬಹುದು. ಆಮೇಲೆ ಸಕ್ಕರೆ ಎಷ್ಟು ಅಂತ ಹಿಂದೆ ತಿರುಗಿಸಿ ನೋಡಬೇಕು.

ಅಣ್ಣ: ಇದೊಂದು ಮಾತು ನಾನು ಬರ್ಕೋತೀನಿ.

ಸ್ಪಾರ್ಟನ್‌ಬರ್ಗ್, ಗ್ರೀನ್‌ವಿಲ್ ದಾಟುವಾಗ ಅಮ್ಮ ನಿದ್ದೆ ಹೋಗಿದ್ದರು. ಬ್ರೆಡ್ಡು ಕೈಯಲ್ಲೇ ಇತ್ತು. ಸಂಜೆ ಆರಕ್ಕೆ ಆಲ್ಫರೆಟ್ಟಾ.

ಮರುದಿನ ಊಟಕ್ಕೆ ಒಂಬತ್ತು ಜನ. ಬಿಸಿಬೇಳೆಬಾತ್, ಕ್ರ್ಯಾನ್‌ಬೆರಿ ಗೊಜ್ಜು, ಹುರುಳಿಕಾಯಿ ಪಲ್ಯ, ಅಮ್ಮ ಮಾಡಿದ ಹುರುಳಿ ಸಾರು. ತಂಗಿ ಉಳಿದ ಹದಿಮೂರು ತುಂಡನ್ನು ಬಟ್ಟೆ ಹಾಸಿದ ಬುಟ್ಟಿಯಲ್ಲಿ ಇಟ್ಟಳು. ಅಣ್ಣನ ಮುಂದೆ ಹಿಡಿಯಲಿಲ್ಲ. ಆತನೇ ಎದ್ದು ಹೋಗಿ ಒಂದು ತೆಗೆದುಕೊಂಡ. ಅನ್ನ, ಬಿಸಿಬೇಳೆಬಾತ್ ಬಿಟ್ಟು ಸಾರು, ಪಲ್ಯದ ಜೊತೆ ತಿಂದ. ಎರಡು ಗಂಟೆ ಕಳೆದ ಮೇಲೆ ಬೆರಳು ಚುಚ್ಚಿ ಸಕ್ಕರೆ ನೋಡಿದ. 136.

ಅಣ್ಣ: ಒಂದು ದಿನದ ಅಂಕಿಯಿಂದ ಏನೂ ಗೊತ್ತಾಗಲ್ಲ.

ತಂಗಿ: ನಿಜ. ನಾಲ್ಕೈದು ದಿನ ನೋಡಬೇಕು.

ಅಮ್ಮ: ಮುಂದಿನ ಸಲ ಅದರಲ್ಲಿ ಒಂದು ಹಿಡಿ ರಾಗಿಹಿಟ್ಟು ಹಾಕು.

ರಾತ್ರಿ ಬುಟ್ಟಿಯಲ್ಲಿ ಎರಡು ತುಂಡು ಉಳಿದಿದ್ದವು. ಚಿಕ್ಕಮ್ಮ ಅಳತೆ ಬರೆಸಿಕೊಂಡರು. ಓದುವವರಿಗೂ ಬೇಕಾದರೆ ಇಲ್ಲಿದೆ: ಇಡಿ ಗೋಧಿಹಿಟ್ಟು 400 ಗ್ರಾಂ, ರಾತ್ರಿ ನೆನೆಸಿದ ಗೋಧಿ ನುಚ್ಚು 100 ಗ್ರಾಂ, ನೆನೆಸಿದ್ದೂ ಸೇರಿ ನೀರು 400 ಗ್ರಾಂ, ಉಪ್ಪು 10 ಗ್ರಾಂ, ಈಸ್ಟು ಒಂದೂವರೆ ಟೀ ಚಮಚ. ಕಲಸಿ, ಎರಡು ಸಲ ಉಬ್ಬಲು ಬಿಟ್ಟು, 375 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ರಾತ್ರಿಯೆಲ್ಲ ಆರಲಿ. ಹದಿನಾರು ತುಂಡು ಮಾಡಿ, ಹತ್ತನ್ನು ಫ್ರೀಜರಿನಲ್ಲಿಡಿ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಾದರೆ ನಿಮ್ಮ ವೈದ್ಯರನ್ನು ಕೇಳಿ, ಒಂದು ತುಂಡಿನಿಂದ ಶುರು ಮಾಡಿ.